ಟೈಲ್ಸ್ ಸಂದಿನ ಬೂಷ್ಟಿಗೆ ಕಡಿಮೆ ಖರ್ಚಿನಲ್ಲಿ ಏನು ಕೊಳ್ಳಬೇಕು?

ಪ್ರಶ್ನೆ: ನಮ್ಮದು ಕರಾವಳಿಯ ಮನೆ. ಜೂನ್ ಕಳೆಯುವುದರೊಳಗೆ ಬಚ್ಚಲುಮನೆಯ ಟೈಲ್ಸ್ ಸಂದುಗಳೆಲ್ಲ ಕಪ್ಪಾಗುತ್ತವೆ. ಆಸಿಡ್ ಹಾಕಿ ಉಜ್ಜಿದರೆ ಒಂದೆರಡು ವಾರ ಬೆಳ್ಳಗಿದ್ದು ಮತ್ತೆ ಮೊದಲಿನಂತೆಯೇ ಆಗುತ್ತದೆ. ದುಬಾರಿ ಸ್ಪ್ರೇಗಳನ್ನು ತರಬೇಕೆ, ಅಥವಾ ವಿನೆಗರ್ ಮತ್ತು ಅಡುಗೆ ಸೋಡಾ ಸಾಕೆ?

ಉತ್ತರ: ಎರಡೂ ಬೇಡ. ಕಿರಾಣಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಬ್ಲೀಚಿಂಗ್ ಪೌಡರ್, ಒಂದಿಷ್ಟು ಬಟ್ಟೆ ಸೋಡಾ ಮತ್ತು ಒಂದು ಹಳೆಯ ಹಲ್ಲುಜ್ಜುವ ಬ್ರಷ್ ಇದ್ದರೆ ಸಾಮಾನ್ಯ ಮನೆಯ ಕೆಲಸ ಮುಗಿಯುತ್ತದೆ. ಆದರೆ ಅದಕ್ಕೂ ಮೊದಲು ನಿಲ್ಲಿಸಬೇಕಾದದ್ದು ಆಸಿಡ್ ಬಳಕೆಯನ್ನು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿರುವ 'ಮತ್ತೆ ಮೊದಲಿನಂತೆಯೇ' ಎಂಬುದಕ್ಕೆ ಬಹುಮಟ್ಟಿಗೆ ಅದೇ ಕಾರಣ.

ಟೈಲ್ಸ್ ನುಣುಪಾದ ಗಾಜಿನ ಲೇಪವಿರುವ ವಸ್ತು. ಅದರ ಮೇಲೆ ಬೂಷ್ಟು ಬೇರೂರುವುದಿಲ್ಲ, ಒರೆಸಿದರೆ ಹೋಗುತ್ತದೆ. ಸಂದುಗಳನ್ನು ತುಂಬುವ ಗ್ರೌಟ್ ಮಾತ್ರ ಹೆಚ್ಚಿನ ಮನೆಗಳಲ್ಲಿ ಬಿಳಿ ಸಿಮೆಂಟಿನದು, ಕಣ್ಣಿಗೆ ಕಾಣದ ರಂಧ್ರಗಳಿಂದ ತುಂಬಿದ್ದು. ಹೊಸ ಸಿಮೆಂಟು ತೀವ್ರ ಕ್ಷಾರಗುಣದ್ದಾದುದರಿಂದ ಅದರಲ್ಲಿ ಶಿಲೀಂಧ್ರ ಬೆಳೆಯಲಾರದು. ಹೊಸ ಮನೆಯ ಬಚ್ಚಲು ಮೊದಲ ಮಳೆಗಾಲದಲ್ಲಿ ಸಾಮಾನ್ಯವಾಗಿ ಬೆಳ್ಳಗೇ ಇರುವುದು ಇದರಿಂದಲೇ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈ ಆಕ್ಸೈಡ್ ಆ ಕ್ಷಾರವನ್ನು ಕುಗ್ಗಿಸುತ್ತದೆ, ರಂಧ್ರಗಳಲ್ಲಿ ಸೋಪಿನ ಜಿಡ್ಡೂ ಮೈಯ ಕೊಳೆಯೂ ಸೇರಿಕೊಳ್ಳುತ್ತವೆ, ಮಳೆಗಾಲದ ತೇವ ಉಳಿದದ್ದನ್ನು ಮಾಡುತ್ತದೆ. ಆಸಿಡ್ ಎಂದು ಮಾರುವ ಹೈಡ್ರೋಕ್ಲೋರಿಕ್ ಆಮ್ಲವಾಗಲಿ, ಅದನ್ನೇ ಶೇ. 10ರ ಆಸುಪಾಸಿನಲ್ಲಿ ಹೊಂದಿರುವ ಕಮೋಡ್ ಕ್ಲೀನರ್ ಆಗಲಿ, ಬೂಷ್ಟನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಅದು ಕೂತ ಸಿಮೆಂಟಿನ ಮೇಲ್ಪದರವನ್ನೇ ಕರಗಿಸುತ್ತದೆ. ಹೀಗಾಗಿ ಅಂದು ಬೆಳ್ಳಗೆ ಕಂಡರೂ ಸಂದು ಇನ್ನಷ್ಟು ತಗ್ಗಾಗಿ, ಇನ್ನಷ್ಟು ಒರಟಾಗಿ, ಮುಂದಿನ ಬೂಷ್ಟಿಗೆ ನಾವೇ ಕೋಣೆ ಕಟ್ಟಿಕೊಟ್ಟಂತಾಗುತ್ತದೆ. ನೆಲಕ್ಕೆ ಶಹಾಬಾದ್ ಅಥವಾ ಕಡಪ ಕಲ್ಲು ಹಾಸಿದ್ದರೆ ಹಾನಿ ಇನ್ನೂ ಬೇಗ, ಅವೆರಡೂ ಸುಣ್ಣದ ಕಲ್ಲುಗಳು. (ಬಿಡಿ ಆಸಿಡ್ ಮಾರಾಟಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿ, ಕೊಳ್ಳುವವರ ಗುರುತು ದಾಖಲಿಸಬೇಕೆಂದು ಆದೇಶಿಸಿದ್ದು ಬೇರೆಯೇ ಗಂಭೀರ ಕಾರಣಕ್ಕೆ. ಬಚ್ಚಲಿನ ದೃಷ್ಟಿಯಿಂದಲೂ ಅದು ಮನೆಯಲ್ಲಿ ಇರಬೇಕಾದ ವಸ್ತುವಲ್ಲ.)

ಇನ್ನು ವಿನೆಗರ್ ಮತ್ತು ಅಡುಗೆ ಸೋಡಾದ ಜೋಡಿ. ಎರಡನ್ನೂ ಬೆರೆಸಿದಾಗ ಉಕ್ಕುವ ನೊರೆಯನ್ನು ನೋಡಿದವರಿಗೆ ಏನೋ ಮಹತ್ತಾದದ್ದು ನಡೆಯುತ್ತಿದೆ ಎನ್ನಿಸುವುದು ಸಹಜ. ಆದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ತಟಸ್ಥಗೊಳಿಸಿಕೊಂಡು ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು ಮಾತ್ರ. ನೊರೆಯೆಲ್ಲ ಇಂಗಾಲದ ಡೈ ಆಕ್ಸೈಡ್. ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಉಪಯೋಗವಿದೆ. ಸೋಡಾ ಪುಡಿ ಮೆತ್ತಗೆ ಉಜ್ಜಲು ಒಳ್ಳೆಯದು, ವಿನೆಗರ್ ಕೊಳವೆಬಾವಿ ನೀರಿನ ಬಿಳಿ ಸುಣ್ಣಕಲೆಯನ್ನು ಟೈಲ್ಸ್ ಮುಖದಿಂದ ಕರಗಿಸುತ್ತದೆ. ಆಳಕ್ಕಿಳಿದ ಕಪ್ಪು ಬೂಷ್ಟಿಗೆ ಅವು ದುರ್ಬಲ.

ಕಪ್ಪಾಗಿರುವುದೆಲ್ಲ ಬೂಷ್ಟೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಬ್ಲೀಚ್ ದ್ರಾವಣದ (ಅದನ್ನು ಮಾಡುವ ಬಗೆ ಮುಂದೆ ಇದೆ) ಒಂದೆರಡು ಹನಿಗಳನ್ನು ಕಲೆಯ ಮೇಲೆ ಬಿಟ್ಟು ಐದು ನಿಮಿಷ ಕಾಯಿರಿ. ಬಣ್ಣ ತಿಳಿಯಾದರೆ ಅದು ಬೂಷ್ಟು. ಕದಲದಿದ್ದರೆ ಜಿಡ್ಡು ಹಿಡಿದ ಮಣ್ಣು, ಅದಕ್ಕೆ ಬಟ್ಟೆ ಸೋಡಾ ಸಾಕು. ಕೆಂಪು ಕಂದು ಕಲೆ ನೀರಿನಲ್ಲಿರುವ ಕಬ್ಬಿಣದ್ದಾದರೆ ಬ್ಲೀಚ್ ಅದನ್ನು ಇನ್ನಷ್ಟು ಗಟ್ಟಿಯಾಗಿ ಕೂರಿಸುತ್ತದೆ, ಆದ್ದರಿಂದ ಅಲ್ಲಿ ಹಾಕಲೇಬೇಡಿ. ಮೂಲೆಗಳಲ್ಲಿ ಕಾಣುವ ತಿಳಿ ಗುಲಾಬಿ ಲೋಳೆ ಶಿಲೀಂಧ್ರವೇ ಅಲ್ಲ, ಹೆಚ್ಚಾಗಿ ಅದೊಂದು ಬ್ಯಾಕ್ಟೀರಿಯಾ. ಉಜ್ಜಿದರೆ ಸುಲಭವಾಗಿ ಬಿಡುತ್ತದೆ.

ಕೊಳ್ಳುವಾಗ ಬ್ರ್ಯಾಂಡಿನ ಹೆಸರಿಗಿಂತ ಬಾಟಲಿಯ ಹಿಂಬದಿಯ ಸಣ್ಣಕ್ಷರಗಳನ್ನು ಓದುವುದು ಲಾಭದಾಯಕ. 'ಮೋಲ್ಡ್ ರಿಮೂವರ್' ಎಂದು ದುಬಾರಿ ಬೆಲೆಗೆ ಮಾರುವ ಹಲವು ಸ್ಪ್ರೇಗಳಲ್ಲಿ ಇರುವುದು ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವ ಬ್ಲೀಚ್. ಬಿಳಿ ಬಟ್ಟೆಗೆ ಹಾಕುವ ರಿನ್ ಆಲಾ ಥರದ ದ್ರವದಲ್ಲಿಯೂ ಇರುವುದು ಅದೇ. ಬ್ಲೀಚಿಂಗ್ ಪೌಡರ್ ಅದರ ಕ್ಯಾಲ್ಸಿಯಂ ರೂಪ. ಒಳ್ಳೆಯ ಪುಡಿಯಲ್ಲಿ ಬಳಕೆಗೆ ದೊರೆಯುವ ಕ್ಲೋರಿನ್ ಶೇ. 30ಕ್ಕಿಂತ ಹೆಚ್ಚಿರುತ್ತದೆ. ಇದರ ಒಂದೇ ಅವಗುಣವೆಂದರೆ ತೇವ ತಗಲಿದರೆ ಸತ್ವ ಕಳೆದುಕೊಳ್ಳುವುದು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಿಮ್ಮ ಕಡೆ, ಮೂಟೆಯಿಂದ ಅಳೆದುಕೊಡುವ ಹಳೆಯ ಪುಡಿಗಿಂತ ಮುಚ್ಚಿದ ಸಣ್ಣ ಪೊಟ್ಟಣ ಲೇಸು. ಮೂಸಿದಾಗ ಘಾಟಿಲ್ಲದ ಪುಡಿಯಿಂದ ಏನೂ ಆಗದು. ತಂದದ್ದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಲೋಹದ ಡಬ್ಬಿ ತುಕ್ಕು ಹಿಡಿಯುತ್ತದೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಬಟ್ಟೆ ಸೋಡಾ ಕರಗಿಸಿ ಸಂದುಗಳನ್ನು ಉಜ್ಜಿ ತೊಳೆಯಿರಿ. ಸೋಪಿನ ಜಿಡ್ಡು ಉಳಿದಿದ್ದರೆ ಕ್ಲೋರಿನ್ ಅದರ ಮೇಲೆಯೇ ವ್ಯಯವಾಗಿ ಬೂಷ್ಟನ್ನು ತಲುಪುವುದಿಲ್ಲ. ಬ್ಲೀಚ್ ಹಾಕಿಯೂ ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಬಹಳ ಮಂದಿ ಈ ಹಂತವನ್ನು ಬಿಟ್ಟವರು. ನಂತರ ಒಂದು ಲೀಟರ್ ತಣ್ಣೀರಿಗೆ 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚದಷ್ಟು ಪುಡಿ ಹಾಕಿ ಕದಡಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಇದರಲ್ಲಿ ಸುಮಾರು ಶೇ. 0.5ರಷ್ಟು ಕ್ಲೋರಿನ್ ಇರುತ್ತದೆ, ಅಷ್ಟು ಧಾರಾಳವಾಗಿ ಸಾಕು. ದ್ರವ ಬ್ಲೀಚ್ ಬಳಸುವುದಾದರೆ ಒಂದು ಪಾಲಿಗೆ ಎಂಟು ಪಾಲು ನೀರು. ಗೋಡೆಯ ಸಂದುಗಳಲ್ಲಿ ದ್ರಾವಣ ನಿಲ್ಲದೆ ಇಳಿದುಹೋಗುವುದರಿಂದ, ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ ಸಂದಿನುದ್ದಕ್ಕೂ ಅಂಟಿಸಿ ಹದಿನೈದು ನಿಮಿಷ ಬಿಡಿ. ದೇವರ ಮನೆಯ ಬತ್ತಿಗೆ ಇಂಥ ಗತಿಯೇ ಎಂದು ಹಿರಿಯರು ಗೊಣಗಬಹುದು, ಆದರೆ ನಾನು ಕಂಡಂತೆ ಇದಕ್ಕಿಂತ ಅಗ್ಗದ ಮತ್ತು ಪರಿಣಾಮಕಾರಿಯಾದ ಉಪಾಯ ಇನ್ನೊಂದಿಲ್ಲ. ಬಳಿಕ ಬ್ರಷ್ಷಿನಿಂದ ಉಜ್ಜಿ, ನಲ್ಲಿಗಳ ಮೇಲೆ ಬಿದ್ದದ್ದೂ ಸೇರಿದಂತೆ ಎಲ್ಲವನ್ನೂ ಧಾರಾಳ ನೀರಿನಲ್ಲಿ ತೊಳೆಯಿರಿ. ಕ್ಲೋರಿನ್ ಉಕ್ಕನ್ನೂ ಕ್ರೋಮ್ ಲೇಪವನ್ನೂ ತಿನ್ನುತ್ತದೆ. ಬಣ್ಣದ ಗ್ರೌಟ್ ಆಗಿದ್ದರೆ ಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿ.

ಒಂದು ಎಚ್ಚರಿಕೆಯನ್ನು ಮಾತ್ರ ಎಷ್ಟು ಸಲ ಹೇಳಿದರೂ ಕಡಿಮೆಯೇ. ಬ್ಲೀಚಿಗೆ ಆಸಿಡ್, ಕಮೋಡ್ ಕ್ಲೀನರ್, ವಿನೆಗರ್, ನಿಂಬೆರಸ ಇವುಗಳಲ್ಲಿ ಯಾವುದು ಬೆರೆತರೂ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಬೆರೆತರೆ ಕ್ಲೋರಮೀನ್ ಎಂಬ ಇನ್ನೊಂದು ವಿಷಾನಿಲ. ಬೆರೆಸುವವರು ಬೇಕೆಂದೇ ಬೆರೆಸುವುದಿಲ್ಲ. ಗೋಡೆಗೆ ಬ್ಲೀಚ್ ಹಚ್ಚಿ ಕಾಯುವ ಹೊತ್ತಿನಲ್ಲಿ ಹೇಗೂ ಬಂದಿದ್ದೇವಲ್ಲ ಎಂದು ಪಕ್ಕದ ಕಮೋಡಿಗೆ ಕ್ಲೀನರ್ ಸುರಿಯುತ್ತಾರೆ, ಹೊರಗೆ ಚೆಲ್ಲಿದ ಕ್ಲೀನರೂ ಬ್ಲೀಚೂ ಹರಿದು ಒಂದೇ ಜಾಲರಿಯಲ್ಲಿ ಸೇರುತ್ತವೆ, ಕಿಟಕಿ ಮುಚ್ಚಿರುತ್ತದೆ. ಆದ್ದರಿಂದ ಈ ಎರಡು ಕೆಲಸಗಳನ್ನು ಬೇರೆ ಬೇರೆ ದಿನಗಳಲ್ಲಿ ಮಾಡಿ, ಕಿಟಕಿ ಬಾಗಿಲು ತೆರೆದಿಡಿ, ಕೈಗವಸು ಧರಿಸಿ. ಕಣ್ಣಿಗೆ ಘಾಟು ಬಡಿದರೆ ತೊಳೆಯಲು ನಿಲ್ಲದೆ ಮೊದಲು ಹೊರಗೆ ಬನ್ನಿ.

ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ಬ್ಲೀಚಿನ ಬದಲು ಬಳಸಬಹುದು. ಸಣ್ಣ ಜಾಗಕ್ಕೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಘಾಟಿಲ್ಲ, ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಇಡೀ ಬಚ್ಚಲಿಗೆ ಮಾತ್ರ ಖರ್ಚು ಹೆಚ್ಚು. ಅದನ್ನೂ ವಿನೆಗರ್‌ಗೆ ಬೆರೆಸಬಾರದು.

ಬಾಗಿಲಿನ ಅಂಚಿನ ಅಥವಾ ವಾಶ್ ಬೇಸಿನ್ನಿನ ಸುತ್ತಲಿನ ಸಿಲಿಕೋನ್ ಪಟ್ಟಿಯೊಳಗೇ ಕಪ್ಪು ಚುಕ್ಕೆಗಳು ಹುಟ್ಟಿದ್ದರೆ ಯಾವ ದ್ರಾವಣಕ್ಕೂ ಹಣ ಹಾಕಬೇಡಿ. ಬ್ಲೇಡಿನಿಂದ ಪಟ್ಟಿಯನ್ನು ಕಿತ್ತು ಹೊಸದು ಹಾಕುವುದೇ ಅಗ್ಗ. ಆಸಿಡ್ ತಿಂದು ಗ್ರೌಟ್ ಉದುರಿದ ಸಂದುಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಕೆರೆದು, ಬ್ಲೀಚಿನಲ್ಲಿ ತೊಳೆದು, ಹೊಸ ಗ್ರೌಟ್ ತುಂಬಬೇಕು. ಅದನ್ನು ಮಳೆಗಾಲದ ನಡುವೆ ಮಾಡಿಸಬೇಡಿ. ಸ್ನಾನವಾದ ಮೇಲೆ ರಬ್ಬರ್ ಪಟ್ಟಿಯ ವೈಪರಿನಿಂದ ಗೋಡೆಯ ನೀರು ಎಳೆದುಬಿಡುತ್ತ ಈ ಮಳೆಗಾಲ ಕಳೆಯಿರಿ. ದೀಪಾವಳಿ ಮುಗಿದು ಗೋಡೆಗಳು ಒಳಗಿನಿಂದ ಒಣಗಿದ ಮೇಲೆ ಗಾರೆಯವರನ್ನು ಕರೆಸಿ.