ಶಿಬಿರ ಮುಗಿದ ಮರುತಿಂಗಳು

ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗುವ ಹೊತ್ತಿಗೆ ದಾವಣಗೆರೆಯ ವೈದ್ಯರ ಭಾನುವಾರಗಳು ಒಂದೊಂದಾಗಿ ಹಂಚಿಹೋಗುತ್ತವೆ. ಜಗಳೂರಿನ ಕಡೆಯಿಂದ ಯುವಕ ಸಂಘದವರು ಬರುತ್ತಾರೆ, ಚನ್ನಗಿರಿಯ ಕಡೆಯಿಂದ ಹಾಲು ಉತ್ಪಾದಕರ ಸಂಘದವರು, ಚಳ್ಳಕೆರೆ ಸೀಮೆಯಿಂದ ಮಠದ ಭಕ್ತರು. "ನಮ್ಮೂರಿನಲ್ಲೊಂದು ಉಚಿತ ತಪಾಸಣಾ ಶಿಬಿರ ಮಾಡಿಕೊಡಿ ಸರ್. ಶಾಮಿಯಾನ, ಊಟ, ಮೈಕು ಎಲ್ಲ ನಮ್ಮದೇ" ಎನ್ನುತ್ತಾರೆ. ಒಪ್ಪಿಕೊಳ್ಳುವ ಮೊದಲು ನಾನು ಕೇಳುವುದು ಒಂದೇ ಮಾತು: ಒಂದು ತಿಂಗಳ ನಂತರ ಅದೇ ಶಾಲೆಯ ಅದೇ ಕೊಠಡಿ ಅರ್ಧ ದಿನಕ್ಕೆ ಮತ್ತೆ ಸಿಗುತ್ತದೆಯೇ? ಸಿಗುವುದಾದರೆ ಎರಡೂ ತಾರೀಖುಗಳನ್ನು ಒಂದೇ ಕರಪತ್ರದಲ್ಲಿ ಅಚ್ಚು ಹಾಕಿಸಿ ಎಂದು ಕೇಳಿಕೊಳ್ಳುತ್ತೇನೆ.

ಈ ಹಟಕ್ಕೆ ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಶಿಬಿರಕ್ಕೆ ಬರುವವರಲ್ಲಿ ನಾವು ಹೊಸದಾಗಿ ಕಂಡುಹಿಡಿಯುವುದು ಹೆಚ್ಚಾಗಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ. ಎರಡೂ ನೋವು ಕೊಡದ ಕಾಯಿಲೆಗಳು. ಹದಿನೈದು ದಿನದ ಮಾತ್ರೆ ಕೊಟ್ಟು ಕಳುಹಿಸಿದರೆ ಹದಿನಾರನೆಯ ದಿನ ಅದು ನಿಲ್ಲುತ್ತದೆ, ಏಕೆಂದರೆ ನಿಲ್ಲಿಸಿದ್ದರಿಂದ ಮೈಗೆ ಏನೂ ಗೊತ್ತಾಗುವುದಿಲ್ಲ. ವರ್ಷಗಳ ನಂತರ ಅದೇ ಮನುಷ್ಯ ಒಂದು ಕೈ, ಒಂದು ಕಾಲು ಸ್ವಾಧೀನ ಕಳೆದುಕೊಂಡು ಆಂಬುಲೆನ್ಸಿನಲ್ಲಿ ಬಂದಾಗ, "ಆಗ ಶಿಬಿರದಲ್ಲಿ ಬಿಪಿ ಇದೆ ಎಂದಿದ್ದರು" ಎಂದು ಮನೆಯವರು ನೆನಪಿಸಿಕೊಳ್ಳುತ್ತಾರೆ. ವೈದ್ಯನಾಗಿ ನನಗೆ ಇದಕ್ಕಿಂತ ಸಂಕಟದ ಮಾತಿಲ್ಲ. ಹೊಸ ಯಂತ್ರಗಳೆಂದರೆ ನನಗೆ ಪ್ರೀತಿ. ಹಿಂದೆ ಕೊಠಡಿಯೇ ಬೇಕಾಗಿದ್ದ ಉಪಕರಣಗಳು ಈಗ ಹೆಗಲಚೀಲದಲ್ಲಿ ಹಿಡಿಸುತ್ತವೆ. ಆದರೆ ಹಳ್ಳಿಗೆ ಹೊರಡುವಾಗ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಲು ನಾನು ಹಿಡಿದಿರುವ ಅಳತೆ ಒಂದೇ: ಈ ವಸ್ತು ರೋಗಿಯನ್ನು ಎರಡನೆಯ ಭೇಟಿಗೆ ಕರೆತರುತ್ತದೆಯೇ?

ರಕ್ತದೊತ್ತಡದ ಯಂತ್ರದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಎಲ್ಲರೂ ಸುಲಭವೆಂದು ತಿಳಿದಿದ್ದಾರೆ. ಶಾಲೆಯ ಮಕ್ಕಳ ಬೆಂಚಿನ ಮೇಲೆ ಅಜ್ಜಿಯೊಬ್ಬರು ಕೂತಿದ್ದಾರೆ ಎಂದುಕೊಳ್ಳಿ. ಬಿಸಿಲಿನಲ್ಲಿ ನಡೆದು ಬಂದು ಸಾಲಿನಲ್ಲಿ ನಿಂತು ಈಗಷ್ಟೇ ಕೂತವರು. ಬೆನ್ನಿಗೆ ಆಸರೆ ಇಲ್ಲ, ತೋಳು ಗಾಳಿಯಲ್ಲಿ ತೂಗುತ್ತಿದೆ, ಬಿಗಿಯಾದ ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಸುತ್ತಿದ್ದಾರೆ. ಯಂತ್ರ ಗುಂಯ್‌ಗುಡುತ್ತಿರುವಾಗಲೇ ಸ್ವಯಂಸೇವಕಿ "ಮಕ್ಕಳೆಷ್ಟು ಅಜ್ಜಿ, ಮೊದಲು ಮಾತ್ರೆ ತೆಗೆದುಕೊಂಡಿದ್ದಿರಾ?" ಎಂದು ಕೇಳುತ್ತಾಳೆ, ಅಜ್ಜಿ ಉತ್ತರಿಸುತ್ತಾರೆ. ಹೀಗೆ ಬಂದ ಅಂಕಿ ಎಷ್ಟೇ ಇರಲಿ, ಅದರ ಮೇಲೆ ಜೀವನಪೂರ್ತಿಯ ಮಾತ್ರೆ ಬರೆಯಲು ನನ್ನ ಕೈ ಏಳುವುದಿಲ್ಲ. ಮಾತನಾಡುತ್ತಿದ್ದರೆ ಒತ್ತಡ ಏರುತ್ತದೆ. ಮೂತ್ರ ಕಟ್ಟಿಕೊಂಡಿದ್ದರೂ, ಕಾಲ ಮೇಲೆ ಕಾಲು ಹಾಕಿದ್ದರೂ ಏರುತ್ತದೆ. ಆದ್ದರಿಂದ ನಮ್ಮ ಶಿಬಿರದಲ್ಲಿ ಒತ್ತಡ ನೋಡುವ ಜಾಗ ನೋಂದಣಿ ಮೇಜಿನಿಂದ ದೂರದಲ್ಲಿರುತ್ತದೆ. ಗೋಡೆಗೆ ಒರಗಿಸಿದ ಕುರ್ಚಿಗಳು, ತೋಳನ್ನು ಎದೆಯ ಮಟ್ಟಕ್ಕೆ ಇಡಲು ಮೇಜು, ಐದು ನಿಮಿಷ ಮೌನ, ಆಮೇಲೆ ಎರಡು ಬಾರಿ ಅಳತೆ. ಸಾಲು ನಿಧಾನವಾಗುತ್ತದೆ. ಆಗಲಿ.

ಪಟ್ಟಿಯ ಅಳತೆಯ ವಿಷಯ ಇನ್ನೂ ಮುಖ್ಯ. ಯಂತ್ರದ ಜೊತೆಗೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗಾಗಿ ಮಾಡಿದ್ದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಜ್ಞರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಸಾಮಾನ್ಯ ಪಟ್ಟಿಯನ್ನು ಎಲ್ಲರಿಗೂ ಕಟ್ಟಿ ನೋಡಿದರು. ಅತಿ ದೊಡ್ಡ ಪಟ್ಟಿ ಬೇಕಾಗಿದ್ದವರಲ್ಲಿ ಮೇಲಿನ ಅಂಕಿ ಸರಾಸರಿ 20ರಷ್ಟು ಹೆಚ್ಚು ತೋರಿಸಿತು. ಚಿಕ್ಕ ಪಟ್ಟಿ ಬೇಕಾಗಿದ್ದವರಲ್ಲಿ ಸುಮಾರು 4 ಕಡಿಮೆ ತೋರಿಸಿತು. ನಗರದ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವವರಿಗೆ ಮೊದಲನೆಯ ತಪ್ಪು, ಶೇಂಗಾ ಕೀಳುವ, ಈರುಳ್ಳಿ ಕೊಯ್ಯುವ ಕೂಲಿಕಾರ ಹೆಣ್ಣುಮಕ್ಕಳ ಬಡಕಲು ತೋಳಿಗೆ ಎರಡನೆಯ ತಪ್ಪು. ಒಬ್ಬರಿಗೆ ಬೇಡದ ಮಾತ್ರೆ, ಇನ್ನೊಬ್ಬರಿಗೆ ಬೇಕಾದದ್ದು ತಪ್ಪಿಹೋಗುತ್ತದೆ. ದಾನಿಗಳು ಯಾವ ಯಂತ್ರ ಕೊಡಿಸಲಿ ಎಂದು ಕೇಳಿದರೆ, ಇನ್ನೊಂದು ಯಂತ್ರ ಬೇಡ, ಇರುವ ಯಂತ್ರಕ್ಕೇ ಹೊಂದುವ ಮೂರು ಅಳತೆಯ ಪಟ್ಟಿಗಳನ್ನೂ ಒಂದು ಟೇಪನ್ನೂ ಕೊಡಿಸಿ ಎನ್ನುತ್ತೇನೆ. ನಾಡಿ ಹಿಡಿದು ನೋಡುವುದನ್ನಂತೂ ಬಿಡುವಂತಿಲ್ಲ. ಹೃದಯದ ಬಡಿತ ತಾಳ ತಪ್ಪಿದ್ದರೆ ಸ್ವಯಂಚಾಲಿತ ಯಂತ್ರದ ಅಂಕಿಯನ್ನು ನಂಬುವುದು ಕಷ್ಟ, ಮತ್ತು ಆ ತಾಳ ತಪ್ಪಿದ ಬಡಿತವೇ ಮುಂದೆ ಪಾರ್ಶ್ವವಾಯುವಿಗೆ ದಾರಿಯಾಗಬಹುದು.

ಒತ್ತಡ 180/110 ದಾಟಿದವರನ್ನು ಅಂದೇ ನಾವೇ ಪರೀಕ್ಷಿಸಿ ಚಿಕಿತ್ಸೆ ನೀಡುತ್ತೇವೆ, ಬೇಕಾದರೆ ಆಸ್ಪತ್ರೆಗೆ ಕಳುಹಿಸುತ್ತೇವೆ. 140/90 ದಾಟಿ ಅದಕ್ಕಿಂತ ಕೆಳಗಿರುವವರಿಗೆ "ಇದೆ" ಎಂದೂ ಹೇಳುವುದಿಲ್ಲ, "ಇಲ್ಲ" ಎಂದೂ ಹೇಳುವುದಿಲ್ಲ. ಮತ್ತೊಂದು ದಿನ ನೋಡಿ ನಿರ್ಧರಿಸಬೇಕು. ಆ ಮತ್ತೊಂದು ದಿನ ಕರಪತ್ರದಲ್ಲಿ ಇಲ್ಲದಿದ್ದರೆ ಮೊದಲ ದಿನದ ಶ್ರಮ ಅರ್ಧಕ್ಕರ್ಧ ವ್ಯರ್ಥ.

ಸಕ್ಕರೆ ನೋಡುವ ಗ್ಲುಕೋಮೀಟರಿನ ಕಥೆಯೂ ಹೀಗೆಯೇ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಳ್ಳೆಯ ಗ್ಲುಕೋಮೀಟರ್ ಕೂಡ ನಿಜವಾದ ಅಂಕಿಗಿಂತ ಶೇ. 15ರಷ್ಟು ಆಚೀಚೆ ಇರಬಹುದು. ಅಂದರೆ ಖಾಲಿ ಹೊಟ್ಟೆಯಲ್ಲಿ ನಿಜಕ್ಕೂ 126 ಇರುವವರಿಗೆ ಅದು 108 ಎಂದರೂ 144 ಎಂದರೂ ಯಂತ್ರ ಕೆಟ್ಟಿದೆ ಎನ್ನುವಂತಿಲ್ಲ. ಆ 126 ಎಂಬುದೇ ಸಕ್ಕರೆ ಕಾಯಿಲೆಯ ಗಡಿ. ಹಾಗಾಗಿ ಬೆರಳಿನ ರಕ್ತ ಹೇಳುವುದು ಅನುಮಾನವನ್ನು ಮಾತ್ರ. ಖಚಿತಪಡಿಸುವುದು ಪ್ರಯೋಗಾಲಯದ ಪರೀಕ್ಷೆ. ಇನ್ನು ಸಾಲಿನಲ್ಲಿ ನಿಂತವರಿಗೆ ಸಂಘದವರು ಪ್ರೀತಿಯಿಂದ ಬಾಳೆಹಣ್ಣು ಹಂಚಿರುತ್ತಾರೆ. ಹಣ್ಣು ಸುಲಿದ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು, ನೀರಿನಲ್ಲಿ ತೊಳೆದು ಒಣಗಿಸಬೇಕು. ಇಲ್ಲವಾದರೆ ಚರ್ಮದ ಮೇಲಿನ ಸಕ್ಕರೆಯೇ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಚಿತ್ರದುರ್ಗದ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಸ್ಟ್ರಿಪ್‌ಗಳ ಡಬ್ಬಿ ಬಿಟ್ಟರೆ ಅವು ಹಾಳಾಗುತ್ತವೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೂ ಅಷ್ಟೇ. ನಮ್ಮ ತಂಡದ ನರ್ಸಿಂಗ್ ವಿದ್ಯಾರ್ಥಿಗಳಿಗೆ ನಾನು ಮೊದಲು ಕಲಿಸುವುದು ಈ ಮುಚ್ಚಳದ ವಿಷಯವನ್ನೇ.

ಹಾಗಾದರೆ ಹೊಸ ತಂತ್ರಜ್ಞಾನದಲ್ಲಿ ನನ್ನ ಮನಸ್ಸನ್ನು ನಿಜವಾಗಿ ಗೆದ್ದದ್ದು ಯಾವುದು? ಕೈಯಲ್ಲಿ ಹಿಡಿಯುವ ಕಣ್ಣಿನ ಕ್ಯಾಮೆರಾ. ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಪರದೆಯ ಚಿತ್ರ ತೆಗೆಯುವ ಇಂಥ ಸಣ್ಣ ಉಪಕರಣಗಳು ನಮ್ಮ ಬೆಂಗಳೂರಿನ ಕಂಪನಿಗಳಿಂದಲೇ ತಯಾರಾಗುತ್ತಿವೆ ಎಂಬುದು ಹೆಮ್ಮೆಯ ವಿಷಯ. ಸಕ್ಕರೆ ಕಾಯಿಲೆಯವರಿಗೆ "ವರ್ಷಕ್ಕೊಮ್ಮೆ ಕಣ್ಣು ತೋರಿಸಿ" ಎಂದು ಹೇಳಿ ಹೇಳಿ ನನಗೆ ಬಾಯಿ ಒಣಗಿದೆ. "ಕಣ್ಣು ಚೆನ್ನಾಗಿಯೇ ಕಾಣುತ್ತದೆ ಸರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ನಿಜವೇ, ಹಿಂಪರದೆ ಸಾಕಷ್ಟು ಹಾಳಾಗುವವರೆಗೂ ದೃಷ್ಟಿ ಚೆನ್ನಾಗಿಯೇ ಇರಬಹುದು.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೀಗೆಯೇ ವಾದಿಸುತ್ತ ನಿಂತಿದ್ದರು. ಶಾಲೆಯ ಒಳಕೋಣೆಯ ಕಿಟಕಿಗೆ ಜಮಖಾನೆ ಕಟ್ಟಿ ಕತ್ತಲು ಮಾಡಿದ್ದೆವು. ಪಾಪೆ ತಾನಾಗಿಯೇ ಅಗಲವಾದರೆ ಚಿತ್ರ ಚೆನ್ನಾಗಿ ಬರುತ್ತದೆ. ಎರಡೂ ಕಣ್ಣಿನ ಚಿತ್ರ ತೆಗೆದು ಮೊಬೈಲ್ ಪರದೆಯಲ್ಲಿ ಅವರಿಗೇ ತೋರಿಸಿದೆ. ಕಿತ್ತಳೆ ಬಣ್ಣದ ಹಿನ್ನೆಲೆ, ಅದರ ಮೇಲೆ ಕವಲೊಡೆದ ರಕ್ತನಾಳಗಳು, ಅಲ್ಲಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಒಂದು ಕಡೆ ಹಳದಿ ಕಲೆಗಳ ಗುಂಪು. "ಈ ಕೆಂಪು ಏನು?" ಎಂದರು. ನಾಳ ಒಸರಿದ ರಕ್ತ ಎಂದೆ. ಅವರು ಪರದೆಯನ್ನು ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮಗನನ್ನು ಕರೆದು ದಾವಣಗೆರೆಗೆ ಯಾವಾಗ ಹೋಗೋಣ ಎಂದು ಕೇಳಿದರು. ನನ್ನ ಉಪದೇಶ ಮಾಡಲಾಗದ ಕೆಲಸವನ್ನು ಆ ಚಿತ್ರ ಮಾಡಿತು. ಸಕಾಲದಲ್ಲಿ ಲೇಸರ್ ಅಥವಾ ಚುಚ್ಚುಮದ್ದಿನ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರ ದೃಷ್ಟಿಯನ್ನು ಉಳಿಸಬಹುದು.

ಇಂಥ ಚಿತ್ರವನ್ನು ಕೃತಕ ಬುದ್ಧಿಮತ್ತೆಯೇ ಓದಿ "ತಜ್ಞರಿಗೆ ಕಳುಹಿಸಿ" ಎಂದು ಹೇಳುವ ವ್ಯವಸ್ಥೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಿತು. ಉಪಯುಕ್ತ ಸಾಧನ, ಅನುಮಾನವಿಲ್ಲ. ಆದರೆ ವಯಸ್ಸಾದವರ ಕಣ್ಣಿನಲ್ಲಿ ಪೊರೆ ಇದ್ದರೆ ಚಿತ್ರ ಮಸುಕಾಗುತ್ತದೆ, ಯಂತ್ರಕ್ಕೆ ಓದಲು ಬರುವುದಿಲ್ಲ. ಓದಲು ಬಾರದ ಚಿತ್ರವನ್ನು "ತೊಂದರೆ ಇಲ್ಲ" ಎಂಬ ರಾಶಿಗೆ ಸೇರಿಸಬಾರದು. ಅವರೂ ಕಣ್ಣಿನ ವೈದ್ಯರ ಬಳಿ ಹೋಗಬೇಕಾದವರೇ.

ಇಸಿಜಿಯನ್ನು ಬಂದವರಿಗೆಲ್ಲ ಮಾಡುವುದನ್ನು ನಾನು ಒಪ್ಪುವುದಿಲ್ಲ. ಲಕ್ಷಣವಿಲ್ಲದವರಲ್ಲಿ ಅದು ಹುಟ್ಟಿಸುವ ಭಯವೇ ಹೆಚ್ಚು. ಅದರ ಜಾಗ ಬೇರೆ ಇದೆ. ಎದೆನೋವು ಎಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ದೂರದ ತಜ್ಞರು ಕೂಡಲೇ ಓದಿ, ಹೃದಯಾಘಾತವೆಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದಕ್ಕಾಗಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಂದಿದೆ. ಮೊಳಕಾಲ್ಮೂರಿನಿಂದ ಜಿಲ್ಲಾ ಕೇಂದ್ರಕ್ಕೆ ಬರುವ ದಾರಿಯಲ್ಲಿ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ. ಅಂಥಲ್ಲಿ ತಂತ್ರಜ್ಞಾನಕ್ಕೆ ಜೀವ ಉಳಿಸುವ ಶಕ್ತಿ ಇದೆ. ಶಿಬಿರದ ಮೈಕಿನಲ್ಲಿ ನಾನು ತಪ್ಪದೆ ಹೇಳುವ ಮಾತು ಇದು: ಎದೆ ಹಿಂಡಿದಂತಾಗಿ ಬೆವರಿದರೆ ಸೋಡಾ ಕುಡಿಯುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಯಾವ ಯಂತ್ರವೂ ಕೇಳದ ಒಂದು ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿ ವೈದ್ಯರೇ ಕೇಳಬೇಕು: ಕುಡಿಯುವ ನೀರು ಎಲ್ಲಿಯದು? ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಬೆನ್ನು ಬಗ್ಗದ, ಕುತ್ತಿಗೆ ತಿರುಗದ, ಹಲ್ಲಿನಲ್ಲಿ ಕಂದು ಪಟ್ಟೆ ಇರುವ ನಡುವಯಸ್ಸಿನವರಿಗೆ ಶಿಬಿರಗಳಲ್ಲಿ ನೋವಿನ ಮಾತ್ರೆಯ ಪೊಟ್ಟಣ ಕೊಟ್ಟು ಕಳುಹಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಮಾತ್ರೆ ರಕ್ತದೊತ್ತಡ ಏರಿಸುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ನೀರು ಮಾತ್ರ ಹಾಗೆಯೇ ಉಳಿಯುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಕುಡಿಯಲು ಘಟಕದ ಶುದ್ಧ ನೀರು ತಂದು, ಅಡುಗೆಗೆ ಕೊಳವೆಬಾವಿಯ ನೀರನ್ನೇ ಬಳಸುವ ಮನೆಗಳು ಬೇಕಾದಷ್ಟಿವೆ. ಅಡುಗೆಗೂ ಅದೇ ಶುದ್ಧ ನೀರು ಬೇಕು ಎಂದು ಹೇಳುವುದೂ ಚಿಕಿತ್ಸೆಯೇ.

ಇನ್ನು ಮರುತಿಂಗಳಿನ ಮಾತು. ಕೇಂದ್ರ ಸರ್ಕಾರದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ನಮ್ಮಂಥವರಿಗೆ ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ರೋಗಿಯನ್ನು ಒಮ್ಮೆ ಮುಖಾಮುಖಿ ನೋಡಿದ ವೈದ್ಯರು ಅದೇ ಕಾಯಿಲೆಗೆ ಆರು ತಿಂಗಳೊಳಗೆ ದೂರದಿಂದಲೇ ಸಲಹೆ ನೀಡಿ ಮಾತ್ರೆ ಮುಂದುವರಿಸಬಹುದು. ಅಂದರೆ ಶಿಬಿರವನ್ನು ಆ ಮೊದಲ ಭೇಟಿಯನ್ನಾಗಿ ಮಾಡಿಕೊಳ್ಳಲು ಸಾಧ್ಯವಿದೆ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಒತ್ತಡ ನೋಡಿ, ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವಿನಿಯ ಮೂಲಕ ವೈದ್ಯರನ್ನು ಸಂಪರ್ಕಿಸಬಹುದು. ಆದರೆ ಇದಕ್ಕೆಲ್ಲ ಬೇಕಾದ ಫೋನ್ ನಂಬರ್ ಎಂಬುದು ಹಳ್ಳಿಯಲ್ಲಿ ಸರಳ ವಿಷಯವಲ್ಲ. ತಾಯಿ ಹೇಳುವ ನಂಬರಿನ ಮೊಬೈಲ್ ಬೆಂಗಳೂರಿನಲ್ಲಿರುವ ಮಗನ ಕೈಯಲ್ಲಿರುತ್ತದೆ, ಇಲ್ಲವೇ ಸಿಮ್ ಬದಲಾಗಿರುತ್ತದೆ. ಆದ್ದರಿಂದ ನಮ್ಮ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಅವರ ಓಣಿಯ ಆಶಾ ಕಾರ್ಯಕರ್ತೆಯ ನಂಬರನ್ನೂ ಬರೆಯುತ್ತೇವೆ. ತಾಂಡಾಗಳಿಂದ ಕುಟುಂಬಗಳು ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಹೊರಡುವ ಕಾಲ ಹತ್ತಿರವಿದ್ದರೆ ಅವರ ಎರಡನೆಯ ಭೇಟಿಯನ್ನು ಅದಕ್ಕೂ ಮೊದಲೇ ಇಟ್ಟುಕೊಳ್ಳುತ್ತೇವೆ. ಹೋಗುವ ಮೊದಲು ಎರಡು ತಿಂಗಳ ಮಾತ್ರೆ ಕೈಯಲ್ಲಿರಬೇಕು. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ 14 ಅಂಕಿಯ ಆಭಾ ಸಂಖ್ಯೆ ಇದ್ದವರಿಗೆ ದಾಖಲೆ ಹಿಂಬಾಲಿಸಬಹುದು. ಇಲ್ಲದವರಿಗೆ ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಅಳತೆಗಳನ್ನು ಕನ್ನಡದಲ್ಲಿ ಬರೆದ ದಪ್ಪ ಕಾಗದದ ಕಾರ್ಡು.

ಸಂಘಟಕರಲ್ಲಿ ಒಂದು ಕಟ್ಟುನಿಟ್ಟಿನ ಕೋರಿಕೆ. ಹೆಸರು, ಸಕ್ಕರೆಯ ಅಂಕಿ ಇರುವ ಪಟ್ಟಿಯ ಫೋಟೋವನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಇಪ್ಪತ್ತರ ಹುಡುಗಿಗೆ ಕ್ಷಯದ ಅನುಮಾನದಿಂದ ಮಾಡಿದ ಕಫ ಪರೀಕ್ಷೆಯ ಸುದ್ದಿ ಊರಿಗೆಲ್ಲ ಹರಡಿದರೆ ಆಕೆಯ ಬಾಳಿಗೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ವೇದಿಕೆಯ ಚಿತ್ರ ತೆಗೆದುಕೊಳ್ಳಿ, ತಪಾಸಣೆಯ ಮೇಜಿನ ಚಿತ್ರ ಬೇಡ.

ಈ ಸಲ ಶಿಬಿರ ಮಾಡಬೇಕೆಂದಿರುವವರು ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಭೇಟಿಯಾಗಿ. ರಕ್ತದೊತ್ತಡದ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಗಳು ಅಲ್ಲಿ ಉಚಿತವಾಗಿ ಸಿಗುವಂಥವು. ಶಿಬಿರದಲ್ಲಿ ಹೊಸದಾಗಿ ಪತ್ತೆಯಾಗುವವರಿಗೂ ಸಾಲುವಷ್ಟು ದಾಸ್ತಾನು ಇರುವಂತೆ ಮೊದಲೇ ಮಾತನಾಡಿಕೊಳ್ಳಿ. ನಾವು ಬರೆಯುವ ಮಾತ್ರೆಯೂ ಅವರ ಬಳಿ ಇರುವ ಮಾತ್ರೆಯೂ ಒಂದೇ ಆಗಿರಬೇಕು. ಎರಡನೆಯ ತಾರೀಖನ್ನು ಸಂತೆಯ ದಿನಕ್ಕೆ ಇಟ್ಟುಕೊಂಡರೆ ಸುತ್ತಲಿನ ಹಟ್ಟಿಗಳವರಿಗೆ ಕೂಲಿ ಬಿಟ್ಟು ಬೇರೆ ದಿನ ಬರುವ ಕಷ್ಟ ತಪ್ಪುತ್ತದೆ.