ಸಾಲಿನ ಕೊನೆಯ ಎರಡು ಅಕ್ಷರ

ಶಿಶುನಾಳ ಶರೀಫರ (1819–1889) ತತ್ತ್ವಪದವೊಂದನ್ನು ಹುಬ್ಬಳ್ಳಿಯ ಸಣ್ಣದೊಂದು ಕೋಣೆಯಲ್ಲಿ ಧ್ವನಿಮುದ್ರಿಸಿಕೊಂಡು ದನಿ-ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗಿಗೆ ಕುಳಿತಾಗ ಒಂದು ತೊಡಕು ಎದುರಾಯಿತು. ಹಾವೇರಿ ಕಡೆಯ ಆ ಹಾಡುಗಾರರು ಪಲ್ಲವಿಯನ್ನು ಎದೆತುಂಬಿ ಎತ್ತಿಕೊಂಡು, ಪ್ರತಿ ಸಾಲಿನ ಕೊನೆಯ ಎರಡು ಅಕ್ಷರಗಳನ್ನು ಮಾತ್ರ ತಮಗೆ ತಾವೇ ಹೇಳಿಕೊಂಡಂತೆ ಇಳಿಸುತ್ತಿದ್ದರು. ಅಷ್ಟರಲ್ಲಿ ಹಾರ್ಮೋನಿಯಂ ಬಂದು ಅವನ್ನು ನುಂಗುತ್ತಿತ್ತು. ಗಾಯನದ ಇಡೀ ಟ್ರ್ಯಾಕನ್ನು ಏರಿಸಿದರೆ ಪಲ್ಲವಿ ಕಿವಿಗೆ ಬಡಿಯುತ್ತದೆ. ಜೋರು ಸದ್ದನ್ನು ತಾನಾಗಿ ಅದುಮುವ ಕಂಪ್ರೆಸರನ್ನು ಬಿಗಿಗೊಳಿಸಿದರೆ ಹಾಡಿನ ಏರಿಳಿತವೇ ಸವೆಯುತ್ತದೆ, ಏಕೆಂದರೆ ಅದಕ್ಕೆ ತಿಳಿಯುವುದು ಸದ್ದಿನ ಮಟ್ಟವೇ ಹೊರತು ಸಾಲಿನ ಅರ್ಥವಲ್ಲ.

ಇಂಥಲ್ಲಿ ನೆರವಿಗೆ ಬರುವುದು ಆಟೊಮೇಷನ್. ಧ್ವನಿಮಟ್ಟ, ಎಡ-ಬಲದ ಸ್ಥಾನ, ರಿವರ್ಬಿನ (ಕೋಣೆಯಲ್ಲಿ ಉಳಿಯುವ ಗುಂಗಿನ) ಪ್ರಮಾಣ ಮುಂತಾದವು ಹಾಡಿನ ಯಾವ ಕ್ಷಣದಲ್ಲಿ ಎಷ್ಟಿರಬೇಕೆಂಬುದನ್ನು ಸಾಫ್ಟ್‌ವೇರ್ ನೆನಪಿಟ್ಟುಕೊಂಡು ಪ್ರತಿ ಸಲವೂ ಹಾಗೆಯೇ ನಡೆಸಿಕೊಡುತ್ತದೆ. ಮೊದಲೆಲ್ಲ ಇಬ್ಬರು ಮೂವರು ಮಿಕ್ಸಿಂಗ್ ಕನ್ಸೋಲಿನ ಮುಂದೆ ನಿಂತು ಫೇಡರುಗಳನ್ನು, ಅಂದರೆ ಧ್ವನಿಮಟ್ಟದ ಜಾರುಗುಂಡಿಗಳನ್ನು, ಕೈಯಿಂದಲೇ ಸರಿಸುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಈಗ ಆ ಕೈಚಲನೆ ಬಿಂದುಗಳನ್ನು ಕೂಡಿಸಿದ ಗೆರೆಯಾಗಿ ಪರದೆಯ ಮೇಲೆ ಉಳಿಯುತ್ತದೆ.

ಆ ಎರಡು ಅಕ್ಷರಗಳಿಗೆ ನಾನು 3 ಡೆಸಿಬಲ್ ಏರಿಸಿದೆ, ಅಂದರೆ ಅಲೆಯ ಎತ್ತರ ಸುಮಾರು 1.4 ಪಟ್ಟಾಯಿತು. ಆದರೆ ಗೆರೆಯನ್ನು ನೆಟ್ಟಗೆ ಮೇಲಕ್ಕೆ ಎಳೆದಿದ್ದರಿಂದ ಅಕ್ಷರದ ನಡುವೆ ‘ಟಿಕ್’ ಎಂದಿತು. ಸೆಕೆಂಡಿಗೆ 48,000 ಸಲ ಅಳೆದಿಟ್ಟ ಅಲೆಯಲ್ಲಿ ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ ಎತ್ತರ ದಿಢೀರನೆ ಜಿಗಿದರೆ ಅಲ್ಲೊಂದು ಚೂಪಾದ ಮೆಟ್ಟಿಲು ಮೂಡುತ್ತದೆ, ಕಿವಿ ಅದನ್ನು ಬೇರೆಯೇ ಸದ್ದೆಂದು ಹಿಡಿಯುತ್ತದೆ. ಅದೇ ಏರಿಕೆಯನ್ನು 20 ಮಿಲಿಸೆಕೆಂಡಿಗೆ, ಎಂದರೆ 960 ಅಳತೆಗಳಿಗೆ ಹಂಚಿದಾಗ ಟಿಕ್ ಅಡಗಿತು. (ಕೆಲವು ಸಾಫ್ಟ್‌ವೇರುಗಳು ಈ ನಯಗಾರಿಕೆಯನ್ನು ತಾವೇ ಮಾಡುತ್ತವೆ.)

ಫೇಡರ್ ಸಾಮಾನ್ಯವಾಗಿ ಕಂಪ್ರೆಸರಿನ ನಂತರ ಬರುವುದರಿಂದ, ಅಲ್ಲಿ ಬರೆದ ಗೆರೆ ಕಂಪ್ರೆಸರಿನ ಕೆಲಸವನ್ನು ಕದಡುವುದಿಲ್ಲ. ಕ್ಲಿಪ್ಪಿನ ಗೇನ್, ಅಂದರೆ ಧ್ವನಿಮುದ್ರಣದ ತುಣುಕಿಗೇ ಕೊಡುವ ಮಟ್ಟ, ಹಾಗಲ್ಲ. ಅದು ಮುಂಚೆಯೇ ಬರುತ್ತದೆ, ಅಲ್ಲಿ ಏರಿಸಿದ್ದನ್ನು ಕಂಪ್ರೆಸರ್ ಒಂದಿಷ್ಟು ಮತ್ತೆ ಅದುಮಿಬಿಡುತ್ತದೆ.

ಗೆರೆ ಬರೆಯುವಾಗ ‘ಟಚ್’ ವಿಧಾನವೇ ನನಗೆ ಮೆಚ್ಚು: ಫೇಡರನ್ನು ಹಿಡಿದಿರುವಷ್ಟು ಹೊತ್ತು ಮಾತ್ರ ಹೊಸದು ದಾಖಲಾಗುತ್ತದೆ, ಬಿಟ್ಟೊಡನೆ ಹಳೆಯ ಮಟ್ಟಕ್ಕೆ ಮರಳುತ್ತದೆ. ಹಾಡು ಓಡುವಷ್ಟು ಹೊತ್ತೂ ಹಳೆಯದರ ಮೇಲೆ ಬರೆಯುತ್ತಲೇ ಹೋಗುವ ‘ರೈಟ್’ನಲ್ಲಿ ಹಾಗೇ ಬಿಟ್ಟು ಹಾಡು ಕೇಳುತ್ತ ಕುಳಿತ ಒಂದು ಸಂಜೆ, ಅರ್ಧ ದಿನದ ಗೆರೆಯೆಲ್ಲ ಒಂದೇ ಸಮತಟ್ಟಾಗಿ ಅಳಿಸಿಹೋಗಿತ್ತು. ಮರುದಿನ ಹೊಸದಾಗಿ ಬರೆಯುವಾಗ ಗಾಯನವನ್ನು ಮುಟ್ಟದೆ, ಆ ಎರಡು ಅಕ್ಷರಗಳಷ್ಟು ಹೊತ್ತು ಹಾರ್ಮೋನಿಯಂ ಅನ್ನೇ 2 ಡೆಸಿಬಲ್ ಇಳಿಸಿದೆ. ಹಾಡುಗಾರರ ದನಿ ಇಳಿದಂತೆಯೇ ಇತ್ತು, ಅಕ್ಷರಗಳೂ ಕೇಳಿಸಿದವು.