ಮರುಮಾತಿಗೆ ಜಾಗ ಸಿಕ್ಕಿದ ಕಥೆ

1790ರ ಡಿಸೆಂಬರ್ 10. ಲಂಡನ್ನಿನ ಸಾಮರ್‌ಸೆಟ್ ಹೌಸಿನಲ್ಲಿ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಯ ಅಧ್ಯಕ್ಷ, ಚಿತ್ರಕಾರ ಸರ್ ಜೋಶುವಾ ರೆನಾಲ್ಡ್ಸ್ ತಮ್ಮ ಹದಿನೈದನೆಯ, ಅಂದರೆ ಕೊನೆಯ ಉಪನ್ಯಾಸ ಓದುತ್ತಿದ್ದರು. ಕಿಕ್ಕಿರಿದ ಸಭೆ. ನಡುವೆ ಕಾಲಡಿಯಿಂದ ಭಾರೀ ಸದ್ದು ಕೇಳಿತು. ನೆಲ ಹೊತ್ತ ತೊಲೆ ಬಿರುಕು ಬಿಟ್ಟಿತ್ತು. ಜನ ಬಾಗಿಲಿನತ್ತ ನುಗ್ಗಿದರು. ರೆನಾಲ್ಡ್ಸ್ ಅಲ್ಲಾಡಲಿಲ್ಲ. ಗದ್ದಲ ತಗ್ಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಿ, ಈ ಪೀಠದಿಂದ ತಾವು ಆಡುವ ಕೊನೆಯ ಮಾತು ಮೈಕೆಲೇಂಜೆಲೊನ ಹೆಸರೇ ಆಗಿರಲಿ ಎಂದು ಹೇಳಿ, ಆ ಹೆಸರಿನಲ್ಲೇ ಮುಗಿಸಿದರು.

ಅಕಾಡೆಮಿ ಹುಟ್ಟಿದ್ದು 1768ರ ಡಿಸೆಂಬರಿನಲ್ಲಿ. ಮೊದಲ ಉಪನ್ಯಾಸ ನಡೆದದ್ದು ಮರುತಿಂಗಳು, ಜನವರಿ 2ರಂದು. ಕಲಾಶಾಲೆಯಲ್ಲಿ ಕಲಾವಿದನೇ ನಿಂತು ಕಲೆಯ ಬಗ್ಗೆ ಮಾತನಾಡುವ ಪರಿಪಾಠಕ್ಕೆ ಇಂಗ್ಲೆಂಡಿನಲ್ಲಿ ಘನತೆ ತಂದುಕೊಟ್ಟದ್ದು ಈ ಸರಣಿ. ಆದರೆ ಧಾಟಿ ಮಾತ್ರ ಪ್ರವಚನದ್ದು. ಶಿಷ್ಯರು ಕೇಳಿಸಿಕೊಳ್ಳಬೇಕು, ಅಷ್ಟೆ. ಅದೇ ಅಕಾಡೆಮಿಯ ಶಾಲೆಯಲ್ಲಿ ಕಲಿತ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್ ಎಷ್ಟೋ ವರ್ಷಗಳ ನಂತರ, ಅಚ್ಚಾದ ಆ ಉಪನ್ಯಾಸಗಳ ತನ್ನ ಪ್ರತಿಯಲ್ಲಿ ‘ಕಲೆಯನ್ನು ತುಳಿಯಲೆಂದೇ ಈ ಮನುಷ್ಯನನ್ನು ಕೂಲಿಗೆ ಹಿಡಿದಿದ್ದರು’ ಎಂದು ಗೀಚಿದ. ಮರುಮಾತಿಗೆ ಅವನಿಗೆ ದಕ್ಕಿದ ಜಾಗ ಪುಸ್ತಕದ ಖಾಲಿ ಅಂಚು.

ಮುಂದೆ 1807ರಲ್ಲಿ ಚಿತ್ರಕಾರ ಟರ್ನರ್ ಅಲ್ಲಿ ಪರ್ಸ್‌ಪೆಕ್ಟಿವ್, ಅಂದರೆ ಚಪ್ಪಟೆ ಹಾಳೆಯಲ್ಲಿ ದೂರ-ಆಳ ತೋರಿಸುವ ವಿದ್ಯೆಯ ಪ್ರಾಧ್ಯಾಪಕನಾದ. ಮೊದಲ ಉಪನ್ಯಾಸ ಕೊಡಲು ಧೈರ್ಯ ಕೂಡಿಬಂದದ್ದು 1811ರಲ್ಲಿ. ತಯಾರಿಯಲ್ಲಿ ಕೊರತೆಯಿರಲಿಲ್ಲ, ಗೋಡೆಗೆ ತೂಗುಹಾಕಲು ದೊಡ್ಡ ದೊಡ್ಡ ರೇಖಾಚಿತ್ರಗಳನ್ನು ತಾನೇ ಬರೆದು ತರುತ್ತಿದ್ದ. ಆದರೆ ಬಾಯಿ ತೆರೆದರೆ ಗೊಣಗಾಟ. ಅಕಾಡೆಮಿಯ ಗ್ರಂಥಪಾಲಕ ಥಾಮಸ್ ಸ್ಟಾಥರ್ಡ್‌ಗೆ ಕಿವಿ ಮಂದ. ಆದರೂ ತಪ್ಪದೆ ಬಂದು ಕೂರುತ್ತಿದ್ದ. ಏಕೆಂದು ಕೇಳಿದರೆ, ಟರ್ನರನ ಉಪನ್ಯಾಸದಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ, ಕೇಳಿಸದಿದ್ದರೇನಂತೆ ಎಂದನಂತೆ. ಇಂದಿಗೂ ಕಲಾವಿದರ ಮಾತಿಗಿಂತ ಪರದೆಯ ಮೇಲಿನ ಚಿತ್ರಗಳಿಗಾಗಿ ಸಭೆಗೆ ಹೋಗುವ ನನ್ನಂಥವರಿಗೆ ಸ್ಟಾಥರ್ಡನೇ ಮೂಲಪುರುಷ.

ಎದುರುಬದುರು ಕೂತು ಜಗಳವಾಡುವ ರೂಪ ಗಟ್ಟಿಯಾದದ್ದನ್ನು ಕಾಣಬೇಕಾದರೆ ನ್ಯೂಯಾರ್ಕಿಗೆ ಹೋಗಬೇಕು. 1948ರ ಶರತ್ಕಾಲದಲ್ಲಿ ಅಲ್ಲಿನ ಪೂರ್ವ 8ನೇ ಬೀದಿಯ 35ನೇ ನಂಬರಿನ ಮಾಳಿಗೆಯೊಂದರಲ್ಲಿ ಕಲಾವಿದರಾದ ವಿಲಿಯಂ ಬಜಿಯೋಟಿಸ್, ಡೇವಿಡ್ ಹೇರ್, ರಾಬರ್ಟ್ ಮದರ್‌ವೆಲ್, ಮಾರ್ಕ್ ರಾಥ್ಕೊ ಸೇರಿ ಪುಟ್ಟ ಶಾಲೆ ತೆರೆದರು. ‘ಸಬ್ಜೆಕ್ಟ್ಸ್ ಆಫ್ ದಿ ಆರ್ಟಿಸ್ಟ್’, ಅಂದರೆ ‘ಕಲಾವಿದನ ವಸ್ತುಗಳು’ ಎಂಬ ಹೆಸರು ಸೂಚಿಸಿದ್ದು ಚಿತ್ರಕಾರ ಬಾರ್ನೆಟ್ ನ್ಯೂಮನ್. ಅವರೂ ಆಮೇಲೆ ಬಂದು ಸೇರಿಕೊಂಡರು. ಅಮೂರ್ತ ಚಿತ್ರಕ್ಕೂ ಒಂದು ವಸ್ತು ಇದೆ, ಅದು ಬರೀ ಬಣ್ಣದ ಆಟವಲ್ಲ ಎಂಬ ಹಟ ಆ ಹೆಸರಿನಲ್ಲೇ ಇತ್ತು.

ವಿದ್ಯಾರ್ಥಿಗಳು ಹೆಚ್ಚು ಬರಲಿಲ್ಲ. ಬಂದವರ ಕಿವಿಗೆ ಒಬ್ಬಿಬ್ಬರು ಗುರುಗಳ ಮಾತಷ್ಟೇ ಬಿದ್ದರೆ ಸಾಲದೆಂದು ಶುಕ್ರವಾರ ಸಂಜೆ ಬೇರೆ ಕಲಾವಿದರನ್ನು ಕರೆಸಿ ಮಾತನಾಡಿಸತೊಡಗಿದರು. ಆ ಸಂಜೆಗೆ ಯಾರು ಬೇಕಾದರೂ ಬರಬಹುದಿತ್ತು. ಹೀಗೆ ಶಾಲೆಗೆ ಉಪಕಸುಬಾಗಿದ್ದ ಮಾತು ಶಾಲೆಯನ್ನೇ ಮೀರಿಸಿತು. ಹ್ಯಾನ್ಸ್ ಆರ್ಪ್ ಬಂದರು. ವಿಲೆಮ್ ಡಿ ಕೂನಿಂಗ್ ಬಂದರು. ಸಂಗೀತಗಾರ ಜಾನ್ ಕೇಜ್ ಬಂದು ಅಮೆರಿಕದ ಮೂಲನಿವಾಸಿಗಳು ಮರಳಿನಲ್ಲಿ ಬರೆದು ಅಂದೇ ಅಳಿಸುವ ಚಿತ್ರಗಳ ಬಗ್ಗೆ ಮಾತನಾಡಿದರು. ನಮ್ಮ ರಂಗೋಲಿ ಬಲ್ಲವರಿಗೆ ಅದರಲ್ಲಿ ವಿಶೇಷವೇನೂ ಕಾಣದು. ಕ್ಯಾನ್ವಾಸನ್ನು ನೂರಾರು ವರ್ಷ ಕಾಪಾಡುವ ಚಿಂತೆಯವರಿಗೆ ಮಾತ್ರ ಅದು ತಲೆ ಕೆಡಿಸುವಂಥದ್ದು.

1949ರ ವಸಂತದಲ್ಲಿ ಶಾಲೆ ಮುಚ್ಚಿತು. ಶುಕ್ರವಾರ ಉಳಿಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಲಾ ಶಿಕ್ಷಕರು ಕೆಲವರು ಅದೇ ಮಾಳಿಗೆ ಹಿಡಿದು, ‘ಸ್ಟುಡಿಯೋ 35’ ಎಂದು ಕರೆದು, ಉಪನ್ಯಾಸ ಮುಂದುವರಿಸಿದರು. ಎಣ್ಣೆಬಣ್ಣ ಹುಟ್ಟಿದ್ದೇ ಮನುಷ್ಯನ ಮೈಮಾಂಸಕ್ಕಾಗಿ ಎಂಬ ಡಿ ಕೂನಿಂಗರ ಪ್ರಸಿದ್ಧ ಮಾತು 1950ರಲ್ಲಿ ಅಲ್ಲಿ ಕೊಟ್ಟ ಉಪನ್ಯಾಸದ್ದು.

ಆ ಏಪ್ರಿಲ್ 21ರಿಂದ 23ರವರೆಗೆ ಅಲ್ಲಿ ಕೊನೆಯ ಕೂಟ ನಡೆಯಿತು. ಈ ಸಲ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಸುತ್ತ ಕಲಾವಿದರು, ಜೊತೆಗೆ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟಿನ ಆಲ್‌ಫ್ರೆಡ್ ಬಾರ್, ಆಡಿದ್ದನ್ನೆಲ್ಲ ಬರೆದುಕೊಳ್ಳಲು ಶೀಘ್ರಲಿಪಿಕಾರರು. ಚಿತ್ರ ಮುಗಿಯಿತು ಎಂದು ಗೊತ್ತಾಗುವುದು ಹೇಗೆ? ಈ ಪ್ರಶ್ನೆಗೆ ಒಬ್ಬರ ಉತ್ತರ ಇನ್ನೊಬ್ಬರಿಗೆ ಒಗ್ಗಲಿಲ್ಲ. ಡಿ ಕೂನಿಂಗ್, ತಾನು ‘ಮುಗಿಸುವ’ ಗೋಜಿಗೇ ಹೋಗುವುದಿಲ್ಲ ಎಂದರು. ತಾಳಮದ್ದಲೆ ನೋಡಿದವರಿಗೆ ಈ ಬಗೆ ಪರಿಚಿತ: ಪ್ರಸಂಗ ಒಂದೇ, ಅರ್ಥ ಹೇಳುವವರು ಹಲವರು, ಎದುರಾಳಿ ಎತ್ತಿದ ಮಾತಿನಿಂದಲೇ ಮುಂದಿನ ಮಾತು ಹುಟ್ಟಬೇಕು. ಕೊನೆಗೆ ಬಾರ್, ನಿಮ್ಮ ಪಂಥಕ್ಕೆ ಯಾವ ಹೆಸರು ಒಪ್ಪಿಗೆ ಎಂದು ಕೇಳಿದರು. ಒಂದೆರಡು ಹೆಸರು ಬಂದವು. ನಮಗೆ ನಾವೇ ಹೆಸರಿಟ್ಟುಕೊಂಡರೆ ಅನಾಹುತ ಎಂದು ಡಿ ಕೂನಿಂಗ್ ಬಾಗಿಲು ಹಾಕಿದರು. ‘ಅಬ್‌ಸ್ಟ್ರಾಕ್ಟ್ ಎಕ್ಸ್‌ಪ್ರೆಷನಿಸಂ’ (ಅಮೂರ್ತ ಅಭಿವ್ಯಕ್ತಿವಾದ) ಎಂಬ ಹಣೆಪಟ್ಟಿ ಆದರೂ ಅಂಟಿತು, ಆ ಮಾತು ಬೇರೆ.

ಮಾತು ಮಾತಾಗಿಯೇ ಉಳಿಯಲಿಲ್ಲ. ಮೆಟ್ರೊಪಾಲಿಟನ್ ಮ್ಯೂಸಿಯಂ ಹಮ್ಮಿಕೊಂಡಿದ್ದ ಸ್ಪರ್ಧಾ ಪ್ರದರ್ಶನದ ತೀರ್ಪುಗಾರರು ಹೊಸ ಕಲೆಯ ವಿರೋಧಿಗಳು ಎಂದು ಅಡಾಲ್ಫ್ ಗಾಟ್ಲೀಬ್ ಆ ಕೂಟದಲ್ಲೇ ಪ್ರಸ್ತಾಪ ಎತ್ತಿದ್ದರು. ಮೇ ತಿಂಗಳಲ್ಲಿ 18 ಚಿತ್ರಕಾರರು ಸಹಿ ಹಾಕಿದ ಬಹಿರಂಗ ಪತ್ರ ಹೊರಬಿತ್ತು; 10 ಶಿಲ್ಪಿಗಳು ಬೆಂಬಲಿಸಿದರು. ಪತ್ರಿಕೆಯೊಂದು ಇವರನ್ನು ‘ಮುಂಗೋಪಿಗಳು’ ಎಂದು ಗೇಲಿ ಮಾಡಿತು. 1951ರ ಜನವರಿ 15ರ ‘ಲೈಫ್’ ಪತ್ರಿಕೆಯಲ್ಲಿ ಅವರಲ್ಲಿ 15 ಜನರ ಫೋಟೊ ಬಂತು: ಗಂಭೀರ ಮುಖ ಹೊತ್ತ 14 ಗಂಡಸರು, ಅವರೆಲ್ಲರ ಹಿಂದೆ ಎತ್ತರದಲ್ಲಿ ನಿಂತ ಹೆಡ್ಡಾ ಸ್ಟರ್ನ್. ತೆಗೆದವರು ನೀನಾ ಲೀನ್. ಮುಕ್ತ ಚರ್ಚೆಯ ಹೆಸರು ಹೇಳುವ ಬೀದಿಯಲ್ಲಿ ಯಾರಿಗೆ ಎಷ್ಟು ಜಾಗವಿತ್ತು ಎಂಬುದನ್ನು ಆ ಫೋಟೊದಲ್ಲೇ ಎಣಿಸಬಹುದು.

ಅಷ್ಟರಲ್ಲಿ ಅದೇ ಬೀದಿಯ 39ನೇ ನಂಬರಿನಲ್ಲಿ ಶಿಲ್ಪಿ ಫಿಲಿಪ್ ಪಾವಿಯಾ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ‘ಕ್ಲಬ್’ ಶುಕ್ರವಾರವನ್ನು ವಹಿಸಿಕೊಂಡಿತ್ತು. ಒಬ್ಬರ ಉಪನ್ಯಾಸದ ಜೊತೆಗೆ ನಾಲ್ಕೈದು ಜನ ಮೇಜಿನ ಹಿಂದೆ ಕೂತು ವಾದಿಸುವ ಪದ್ಧತಿ ಅಲ್ಲಿ ರೂಢಿಯಾಯಿತು. ಈಗ ನಮ್ಮ ಕಲಾಶಾಲೆಗಳಲ್ಲೂ ಕಾಣುವುದು ಅದೇ ಮೇಜು, ಜೊತೆಗೆ ನೀರಿನ ಬಾಟಲಿ ಮತ್ತು ಅತಿಥಿಗಳ ಹತ್ತು ನಿಮಿಷದ ಪರಿಚಯ. ಕೊನೆಯಲ್ಲಿ ‘ನನ್ನದು ಪ್ರಶ್ನೆಯಲ್ಲ, ಅನಿಸಿಕೆ’ ಎಂದು ಎದ್ದು ನಿಲ್ಲುವ ಮಹನೀಯರೂ ತಪ್ಪುವುದಿಲ್ಲ.

ಮರುಮಾತು ಬರೀ ಶಾಸ್ತ್ರವಾಗಬಹುದು ಎಂಬುದನ್ನು ಕೇಜ್ ಆಗಲೇ ಕಂಡಿದ್ದಿರಬೇಕು. 1950ರ ಆಸುಪಾಸಿನಲ್ಲಿ ಅವರು ಕ್ಲಬ್ಬಿನಲ್ಲಿ ಕೊಟ್ಟ ಉಪನ್ಯಾಸದ ವಿಷಯ ‘ಏನೂ ಇಲ್ಲ’. ‘ನಿದ್ದೆ ಬಂದವರು ಮಲಗಲಿ’ ಎಂಬ ಸಾಲಿರುವ ಒಂದೇ ಪುಟವನ್ನು ಹದಿನಾಲ್ಕು ಬಾರಿಯಷ್ಟು ಓದಿದರು. ಮೊಸಾಯಿಕ್ ಕಲಾವಿದೆ ಜೀನ್ ರೆನಾಲ್ ಮಧ್ಯದಲ್ಲಿ ಎದ್ದು ಚೀರಿ, ಜಾನ್, ನಿನ್ನ ಮೇಲೆ ನನಗೆ ತುಂಬ ಪ್ರೀತಿಯಿದೆ, ಆದರೆ ಇನ್ನೊಂದು ನಿಮಿಷವೂ ತಾಳಲಾರೆ ಎಂದು ಹೊರನಡೆದರು. ಕೇಜ್ ಓದು ನಿಲ್ಲಿಸಲಿಲ್ಲ. ಪ್ರಶ್ನೋತ್ತರಕ್ಕೆಂದು ಆರು ಉತ್ತರಗಳನ್ನು ಮೊದಲೇ ಬರೆದು ತಂದಿದ್ದರು. ಯಾರು ಏನೇ ಕೇಳಿದರೂ ಆ ಆರರಲ್ಲಿ ಒಂದನ್ನು ಹೇಳಿದರು.